ಬಿಳಿ ಅಂಟು

ಎರಡು ಉಗುರಿಗೆ ಬಣ್ಣ ಇದೆ, ಮೂರನೆಯದರಲ್ಲಿ ಅರ್ಧ ಎದ್ದುಹೋಗಿದೆ, ವಿಮಾನ ಕಂಪನಿಯ ಗಾಜಿನ ಆಚೆ ಕೂತ ಈ ಹುಡುಗಿ ಅದೇ ಉಗುರಿನಿಂದ ನನ್ನ ಕ್ಲೇಮು ಫಾರಂ ಮೇಲೆ ಟಕ್ ಟಕ್ ಅಂತ ಬಡಿಯುತ್ತಿದ್ದಾಳೆ, ತಾಳವೂ ನೆಟ್ಟಗಿಲ್ಲ, ಮೇಡಂ ಹನ್ನೊಂದನೇ ಕಾಲಂ ಬಿಟ್ಟಿದ್ದೀರಾ — ಬಿಟ್ಟಿಲ್ಲ ಕಣೇ, ಹತ್ತು ನಿಮಿಷದಿಂದ ಅದರ ಮುಂದೆಯೇ ಕೂತಿದ್ದೇನೆ, ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ — ವಸ್ತುವು ಈ ಮೊದಲು ರಿಪೇರಿಯಾಗಿತ್ತೇ, ಹೌದು, ಇಲ್ಲ, ಹೌದಾದರೆ ಯಾವಾಗ, ಯಾರಿಂದ. ವಸ್ತು. ಇವರ ಬಾಯಲ್ಲಿ ಅದು ವಸ್ತು, ಐಟಂ, ಪೀಸು. ಚೆಲ್ಲೊ ಅಂದೆ, ಹಾಗಂದ್ರೆ ಅಂದಳು, ಪಿಟೀಲಿನ ದೊಡ್ಡಕ್ಕ ಅಂದುಕೊಳ್ಳಮ್ಮ, ಕೂತು ಮಂಡಿ ಮಧ್ಯೆ ನಿಲ್ಲಿಸಿಕೊಂಡು ನುಡಿಸೋದು ಅಂದೆ, ಓ ಗಿಟಾರಾ ಅಂತ ಬರೆದೇಬಿಟ್ಟಳು, ಹೊಡೆದುಹಾಕಿಸಿ ಮತ್ತೆ ಬರೆಸಿದೆ. ಪೆಟ್ಟಿಗೆ ನನ್ನ ಕಾಲ ಬಳಿ ಮಲಗಿದೆ, ಗಾಜಿನ ಲೋಟದ ಚಿತ್ರವಿರುವ ಕೆಂಪು ಚೀಟಿ ಇನ್ನೂ ಹಿಡಿಕೆಗೆ ನೇತಾಡುತ್ತಿದೆ, ಜೋಪಾನ ಅಂತ, ಯಾರಿಗೆ ಹೇಳಿದ್ದೋ, ಲಗೇಜಿನ ಜೊತೆ ಎಸೆದವನಿಗಂತೂ ಲೋಟದ ಚಿತ್ರ ನೋಡಿ ಬಾಯಾರಿಕೆಯಾಗಿರಬೇಕು, ಪೆಟ್ಟಿಗೆಯ ಭುಜವೇ ಬಿರಿದಿದೆ. ಪಕ್ಕದಲ್ಲಿ ಗಂಡ, ಮೊಬೈಲ್ ನೋಡುವ ಹಾಗೆ ಮಾಡುತ್ತ ನನ್ನ ಪೆನ್ನು ನೋಡುತ್ತಿದ್ದಾನೆ, ಇಲ್ಲ ಅಂತ ಟಿಕ್ ಹಾಕು, ಅದಕ್ಕೇನು ಅಷ್ಟೊಂದು ಯೋಚನೆ ಅಂತ ಪಿಸುಗುಡುತ್ತಾನೆ, ಒಳ್ಳೇ ಸಭ್ಯರ ಪಿಸುಮಾತು, ಇಡೀ ಮದುವೆಯನ್ನು ಈ ದನಿಯಲ್ಲೇ ನಡೆಸಿದ. ಟಿಕೆಟ್ ತೆಗೆಯುವಾಗ ಅದಕ್ಕೂ ಒಂದು ಸೀಟು ತೆಗೀರಿ, ಎಲ್ಲರೂ ಹಾಗೇ ಒಯ್ಯೋದು, ಕಿಟಕಿ ಪಕ್ಕ ಕೂರಿಸಿ ಬೆಲ್ಟು ಬಿಗಿಯುತ್ತಾರೆ ಅಂದಿದ್ದೆ — ಸೀಟಾ, ಅದೇನು ನಮ್ಮತ್ತೇನಾ, ಊಟಾನೂ ಕೊಡ್ತಾರಂತಾ ಅದಕ್ಕೆ ಅಂತ ನಕ್ಕ, ನಾನೂ ನಕ್ಕೆ, ಯಾಕೆ ನಕ್ಕೆ, ಅಭ್ಯಾಸ, ಹದಿನಾರು ವರ್ಷದ ಮೇಲೆ ಮೊದಲ ಸಲ ಹಳೆಯ ಗೆಳತಿ ಬಾರೇ ನಮ್ಮ ಜೊತೆ ನುಡಿಸು ಅಂತ ಕರೆದಿದ್ದಳು, ಆ ಖುಷಿಯಲ್ಲಿ ಜಗಳ ಬೇಡವಾಗಿತ್ತು. ಅಲ್ಲಿ ಇಳಿದು ಪೆಟ್ಟಿಗೆ ತೆಗೆದಾಗ ಕತ್ತು ಒಂದು ಕಡೆ, ಒಡಲು ಒಂದು ಕಡೆ, ತಂತಿಗಳು ಎರಡನ್ನೂ ಹಿಡಿದುಕೊಂಡು ಸುಮ್ಮನೆ ಜೋತುಬಿದ್ದಿದ್ದವು, ಗೆಳತಿ ಬೇರೆಯವಳನ್ನು ಕರೆಸಿದಳು, ನಾನು ಕೊನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದೆ.

ಆಗಲೂ ಸಿಟ್ಟೆಲ್ಲ ಇವರ ಮೇಲೇ ಇತ್ತು, ಈ ಗಾಜಿನ ಆಚೆಯವರ ಮೇಲೆ, ಅದು ಸುಲಭದ ಸಿಟ್ಟು, ಬೆಚ್ಚಗಿತ್ತು. ಇವತ್ತು ಬೆಳಿಗ್ಗೆ ಅದೂ ಹೋಯಿತು. ಖರ್ಚೆಷ್ಟಾಗುತ್ತದೆ ಅಂತ ಕಾಗದ ಬರೆಸಿಕೊಳ್ಳಲು ವಾದ್ಯ ರಿಪೇರಿಯವನ ಹತ್ತಿರ ಹೋಗಿದ್ದೆವು, ಇಬ್ಬರೂ, ಅವನು ಮುರಿದ ಬುಡವನ್ನು ದೀಪದ ಕೆಳಗೆ ಹಿಡಿದು ಕನ್ನಡಕ ಹಣೆಗೇರಿಸಿ ಮೂಸಿದ, ನಿಜವಾಗಿ ಮೂಸಿದ, ಆಮೇಲೆ ಅಕ್ಕಾ ಇದನ್ನ ಯಾರು ಅಂಟಿಸಿದ್ದು ಅಂದ. ಯಾರೂ ಅಂಟಿಸಿಲ್ಲಪ್ಪ, ಈಗ ತಾನೇ ಮುರಿದಿದ್ದು. ಈಗ ಮುರಿದಿದ್ದು ಎರಡನೇ ಸಲ ಅಕ್ಕಾ, ನೋಡಿ ಇಲ್ಲಿ, ನಾವು ವಾದ್ಯಕ್ಕೆ ಹಾಕೋದು ಸರೇಸು, ಚರ್ಮ ಕುದಿಸಿ ಮಾಡೋ ಅಂಟು, ಕಂದು ಬಣ್ಣ, ಬಿಸಿ ನೀರು ತಾಗಿಸಿದ್ರೆ ಬಿಟ್ಟುಕೊಡತ್ತೆ, ಮತ್ತೆ ಬಿಚ್ಚಿ ಕೂರಿಸಬಹುದು, ಇದು ಬಾಗಿಲು ಕಿಟಕಿಗೆ ಹಾಕೋ ಬಿಳಿ ಅಂಟು, ಯಾರೋ ಬಡಗಿ ಬಳಿದಿದ್ದಾನೆ, ಪುಣ್ಯಾತ್ಮ ಕತ್ತನ್ನ ಸೊಟ್ಟಗೆ ಬೇರೆ ಕೂರಿಸಿದ್ದಾನೆ, ಇದ್ರಲ್ಲಿ ನೀವು ನುಡಿಸ್ತಿದ್ರಾ, ಸ್ವರ ಎಲ್ಲಿ ಸಿಗ್ತಿತ್ತು ನಿಮಗೆ? ಬಗ್ಗಿ ನೋಡಿದೆ. ಹಳೆಯ ಮರದ ಬಾಯಲ್ಲಿ ಒಣಗಿದ ಹಾಲಿನ ಕೆನೆಯಂಥ ಒಂದು ಗೆರೆ, ಬಿಳಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಹಾಗೆ. ಗಂಡ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ, ಅದರಲ್ಲಿ ಬರೀ ಅಂಕಿಗಳಿದ್ದವು.

ಕಾರಿನಲ್ಲಿ ಹೇಳಿದ, ಸಿಗ್ನಲ್ಲಿನಲ್ಲಿ ನಿಂತಾಗ, ಮುಂದೆ ನೋಡುತ್ತ — ನೀನು ಎರಡನೇ ಹೆರಿಗೆಗೆ ಆಸ್ಪತ್ರೆಯಲ್ಲಿದ್ದೆಯಲ್ಲ, ಆವಾಗ, ತೊಟ್ಟಿಲಿಗೆ ಜಾಗ ಮಾಡೋಣ ಅಂತ ಸರಿಸಿದೆ, ಬಿತ್ತು, ಅಡುಗೆಮನೆ ಕಿಟಕಿ ಮಾಡ್ತಿದ್ದ ಬಡಗಿ ಇದ್ದ, ನಾನು ಮಾಡಿಕೊಡ್ತೀನಿ ಸ್ವಾಮಿ, ಗೊತ್ತೇ ಆಗಲ್ಲ ಅಂದ. ಗೊತ್ತೇ ಆಗಲಿಲ್ಲ. ಹಸಿ ಬಾಣಂತಿಗೆ ಯಾಕೆ ಹೇಳ್ಬೇಕು ಅಂತ ಸುಮ್ಮನಾದೆ, ಆಮೇಲೆ ಹೇಳೋಣ ಅಂತಿದ್ದೆ, ಆಮೇಲೆ ನೀನೇ ನುಡಿಸೋದು ಬಿಟ್ಯಲ್ಲ. ನಾನೇ ಬಿಟ್ಟೆನಲ್ಲ! ಮೂರು ತಿಂಗಳ ಮೇಲೆ ಮಗುವನ್ನು ಮಲಗಿಸಿ ಮೊದಲ ಸಲ ಕಮಾನು ಹಿಡಿದ ಆ ಮಧ್ಯಾಹ್ನ, ಬೆರಳು ಇಪ್ಪತ್ತು ವರ್ಷ ಕಲಿತಿದ್ದ ಜಾಗದಲ್ಲಿ ಸ್ವರ ಇರಲಿಲ್ಲ, ಕೂದಲೆಳೆಯಷ್ಟು ಆಚೆ ಸರಿದುಕೊಂಡಿತ್ತು, ಒತ್ತಿದರೆ ತಂತಿ ಎತ್ತರ, ದಪ್ಪ ತಂತಿ ಗೊಗ್ಗರು ಗಂಟಲಲ್ಲಿ ಗದರಿತು, ಕೈ ಒರೆಸಿಕೊಂಡೆ, ಮತ್ತೆ ನುಡಿಸಿದೆ, ದಿನಾ ನುಡಿಸಿದೆ, ಅಳುತ್ತಲೂ ನುಡಿಸಿದೆ, ಅತ್ತೆ ಬಾಗಿಲಲ್ಲಿ ನಿಂತು ಹೆರಿಗೆ ಆದ್ಮೇಲೆ ಕೀಲೆಲ್ಲ ಸಡಿಲ ಆಗತ್ತಮ್ಮ, ಮೊದಲಿನ ಹಾಗೆ ಎಲ್ಲಿ ಬರತ್ತೆ ಅಂದರು, ಪಾಪ ಅವರಿಗೆ ಗೊತ್ತಿರಲಿಲ್ಲ, ಅವರ ಮಗ ಅಲ್ಲೇ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದ, ಹೂಂ ಕಣೇ, ಅಮ್ಮ ಹೇಳೋದು ನಿಜ, ವಯಸ್ಸೂ ಆಯ್ತಲ್ಲ ಅಂದ. ಆಗ ಮೂವತ್ತೆರಡು ನನಗೆ. ಐದನೇ ತಿಂಗಳಲ್ಲಿ ವಾದ್ಯವೃಂದದ ಆಯ್ಕೆ, ಅಲ್ಲಿ ಪರದೆಯ ಹಿಂದೆ ಕೂತು ನುಡಿಸಬೇಕು, ಯಾರು ಅಂತ ಅವರಿಗೆ ತಿಳಿಯಬಾರದು, ಹೆಂಗಸಿನ ಚಪ್ಪಲಿ ಸದ್ದೂ ಕೇಳದಿರಲಿ ಅಂತ ಕಂಬಳಿ ಹಾಸಿರುತ್ತಾರೆ, ಮೂರನೇ ಸಾಲಿಗೇ ಆಚೆಯಿಂದ ಸಾಕು, ಥ್ಯಾಂಕ್ಯೂ ಅಂದರು, ದೂರಲು ಯಾರೂ ಸಿಗಲಿಲ್ಲ, ಅವರಿಗೆ ನನ್ನ ಮುಖವೇ ಗೊತ್ತಿಲ್ಲ, ಸ್ವರವನ್ನಷ್ಟೇ ಕೇಳಿದ್ದರು. ಆಮೇಲೆ ಶಾಲೆಯ ಮಕ್ಕಳು, ಶಾಲೆಯದೇ ಡಬ್ಬಾ ವಾದ್ಯಗಳು, ಸಾಯಂಕಾಲ ನಾಲ್ಕರವರೆಗೆ ಕೊರ್ ಕೊರ್, ನನ್ನದು ಬೀರುವಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿತು.

ದೂರಲು ಯಾರೂ ಸಿಗಲಿಲ್ಲ ಅಂದೆನಲ್ಲ, ಸುಳ್ಳು, ಒಬ್ಬಳು ಸಿಕ್ಕಿದ್ದಳು. ತೊಟ್ಟಿಲಲ್ಲೇ ಇದ್ದಳು. ಬಾಯಲ್ಲಿ ಹೇಳಿರಲಿಲ್ಲ, ಒಂಬತ್ತು ವರ್ಷ ಹೇಳಿರಲಿಲ್ಲ, ಹಾಲು ಕೊಟ್ಟೆ, ಜ್ವರ ಬಂದಾಗ ಎದ್ದೆ, ಜಡೆ ಹೆಣೆದೆ, ಆದರೆ ಹೆಣೆಯುವಾಗ ಯಾಕೋ ಬಿಗಿಯಾಗಿ ಎಳೆಯುತ್ತಿದ್ದೆ, ಅಮ್ಮಾ ನೋಯತ್ತೆ ಅನ್ನುತ್ತಿದ್ದಳು, ದೊಡ್ಡವನ ಮೇಲೆ ಇಲ್ಲದ ಸಿಡುಕು ಇವಳ ಮೇಲೆ. ಒಂದು ಭಾನುವಾರ ಬೀರುವಿನ ಪಕ್ಕದಿಂದ ಅದನ್ನು ಎಳೆದು ತಂದು ಅಮ್ಮಾ ನಂಗೂ ಇದನ್ನ ಹೇಳಿಕೊಡು ಅಂದಳು, ಮುಟ್ಟಬೇಡ, ನೀನು ಹುಟ್ಟಿದ ಮೇಲೇ ನನ್ನ ಕೈ ಹೋಗಿದ್ದು ಅಂದುಬಿಟ್ಟೆ. ಅಷ್ಟೇ. ಅವಳು ಅಳಲಿಲ್ಲ, ಅದನ್ನು ಇದ್ದ ಜಾಗದಲ್ಲಿಯೇ ಗೋಡೆಗೆ ಮುಖ ಮಾಡಿ ನಿಲ್ಲಿಸಿ ಬಂದಳು, ಸಾರಿ ಅಮ್ಮಾ ಅಂದಳು. ಸಾರಿ. ಇವನು ಸೋಫಾದಲ್ಲಿ ಪೇಪರು ಹಿಡಿದು ಕೂತಿದ್ದ, ಕೇಳಿಸಿಕೊಂಡ, ಹಾಳೆ ಮಗುಚಿದ, ಆ ಸದ್ದು ಈಗಲೂ ಕಿವಿಯಲ್ಲಿದೆ, ಆಗಲಾದರೂ ಬಾಯಿ ಬಿಡಬಹುದಿತ್ತಲ್ಲ, ಕಿಟಕಿಯ ಬಡಗಿ ಅಂತ ಎರಡು ಮಾತು, ಮಗಳನ್ನು ಉಳಿಸುವ ಎರಡು ಮಾತು, ಈಗ ಹದಿನಾರು ಅವಳಿಗೆ, ಗೆಳತಿ ಕರೆದ ಮೇಲಿನ ಆರು ವಾರ ನಾನು ಸರಿದ ಸ್ವರವನ್ನು ಹುಡುಕುತ್ತ ಅಭ್ಯಾಸ ಮಾಡುವಾಗಲೆಲ್ಲ ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಗೆ ಹೋಗುತ್ತಿದ್ದಳು.

ಮೇಡಂ, ನಿಮ್ಮ ಹಿಂದೆ ಜನ ಇದ್ದಾರೆ. ಇರಲಿ. ರಿಪೇರಿ ಆಗಿತ್ತು ಅಂತ ಬರೆದ್ರೆ ಕ್ಲೇಮು ಬಹುಶಃ ನಿಲ್ಲಲ್ಲ ಮೇಡಂ, ಮೊದಲೇ ಹೇಳ್ತಿದ್ದೀನಿ ಅನ್ನುತ್ತಾಳೆ, ಈಗ ದನಿಯಲ್ಲಿ ಸ್ವಲ್ಪ ಮನುಷ್ಯತ್ವ ಬಂದಿದೆ. ಗಂಡ ಕೇಳಿಸ್ತಾ ಅಂತ ಮೊಣಕೈಯಿಂದ ತಿವಿಯುತ್ತಾನೆ, ಬರೋದನ್ನ ಯಾಕೆ ಬಿಡ್ತೀಯ, ಹೊಸದೇ ತಗೋಬಹುದು, ಹಳೇದನ್ನೆಲ್ಲ ಈಗ ಕೆದಕಿ ಏನಾಗಬೇಕು. ಇಲ್ಲ ಅಂತ ಒಂದು ಟಿಕ್, ಇವರೂ ನಂಬುತ್ತಾರೆ, ಇವನೂ ಬಚಾವು, ಬೀರುವಿನ ಪಕ್ಕ ಹೊಸ ಚೆಲ್ಲೊ, ಮತ್ತೆ ಮಗಳು — ಈ ಫಾರಂ ಎರಡು ಹಾಳೆ ಅಲ್ವಾ, ಅಂತ ಕೇಳುತ್ತೇನೆ, ಹೌದು ಮೇಡಂ, ಗಟ್ಟಿಯಾಗಿ ಒತ್ತಿ ಬರೀರಿ, ಕೆಳಗಿನ ಹಾಳೇಲಿ ಮೂಡತ್ತೆ, ಅದು ನಿಮಗೆ, ಮನೆಗೆ ತಗೊಂಡು ಹೋಗಬಹುದು. ಹೌದು ಅನ್ನುವುದರ ಮುಂದೆ ಟಿಕ್ ಹಾಕುತ್ತೇನೆ, ಏನೇ ಮಾಡ್ತಿದ್ದೀಯ ಅನ್ನುತ್ತಾನೆ, ಫಾರಂ ಅವನ ಮುಂದೆ ಸರಿಸಿ ಪೆನ್ನನ್ನು ಅದರ ಮೇಲಿಡುತ್ತೇನೆ. ಯಾವಾಗ, ಯಾರಿಂದ — ನೀವೇ ಬರೀರಿ, ನಿಮ್ಮ ಕೈಯಲ್ಲೇ ಬರೀರಿ, ನನಗೆ ಗೊತ್ತಿಲ್ಲ, ನಾನು ಆಸ್ಪತ್ರೆಯಲ್ಲಿದ್ದೆ. ಇಲ್ಲಿ ಬೇಡ ಕಣೇ, ಜನ ನೋಡ್ತಿದ್ದಾರೆ. ನೋಡಲಿ. ಮೊದಲು ಮಗಳು ಹುಟ್ಟಿದ ತಾರೀಖು ಬರೀರಿ, ಅದಾದರೂ ನೆನಪಿದೆಯಲ್ಲ, ಒತ್ತಿ ಬರೀರಿ, ಕೆಳಗಿನ ಹಾಳೆ ಅವಳಿಗೆ. ಉಗುರಿನ ಟಕ್ ಟಕ್ ನಿಂತಿದೆ. ಅವನು ಪೆನ್ನು ಹಿಡಿದಿದ್ದಾನೆ, ಬರೆಯುತ್ತಾನೋ ಎದ್ದುಹೋಗುತ್ತಾನೋ, ನಾನು ಅವನ ಮುಖ ನೋಡುವುದಿಲ್ಲ, ಬಗ್ಗಿ ಪೆಟ್ಟಿಗೆಯ ಮುಚ್ಚಳ ಎತ್ತಿದ್ದೇನೆ, ಮುರಿದ ಬುಡ ನನ್ನ ಕಡೆಗೆ ತಿರುಗಿದೆ, ಅದರ ಬಾಯಲ್ಲಿ ಆ ಗೆರೆ, ಹೆಬ್ಬೆರಳಲ್ಲಿ ಉಜ್ಜಿದರೂ ಹೋಗುವುದಿಲ್ಲ, ಬಿಳಿ ಗೆರೆ, ಹಾಲಿನ ಹಾಗೆ, ಬಿಳಿ —