ಮಟ್ಟದ ಟ್ಯೂಬಿನಲ್ಲಿ ಒಂದು ಗುಳ್ಳೆ

ಅಂಗಳದ ಚರಂಡಿಯ ಜಾಲರಿಯೊಳಕ್ಕೆ ಮಳೆನೀರು ಇಳಿಯುವ ಸದ್ದು, ಯಾರೋ ಗಂಟಲಲ್ಲೇ ನಗುವ ಹಾಗೆ, ಮಧ್ಯಾಹ್ನದಿಂದ ಒಂದೇ ಸಮ, ಮೇಸ್ತ್ರಿ ಕೆಲಸವನ್ನು ಚೊಕ್ಕಟವಾಗಿಯೇ ಮಾಡಿದ್ದಾನೆ, ಹಜಾರದ ನೆಲ ಒಣಗಿಯೇ ಇದೆ, ಅಂಗೈ ಇಟ್ಟು ನೋಡಿದೆ, ಎರಡು ಸಲ ನೋಡಿದೆ — ಇದು ಶುರುವಾದದ್ದು ಬೇಸಿಗೆ ಮುಗಿಯುವ ಹೊತ್ತಿಗೆ, ಬೆಳಿಗ್ಗೆ ಏಳು ಗಂಟೆಗೆ, ಬಿಸಿಲು ಇನ್ನೂ ಕಾಂಪೌಂಡ್ ಗೋಡೆಯ ನೆತ್ತಿಯ ಮೇಲಷ್ಟೇ ಇತ್ತು, ಮೇಸ್ತ್ರಿ ಸೈಕಲ್ಲಿನಿಂದ ಇಳಿಯುತ್ತಲೇ ಅಂಗಳ ನೋಡಿ ತಲೆಯಲ್ಲಾಡಿಸಿದ, ನಿಮ್ಮನೆ ಬಟ್ಟಲ ತಳದಲ್ಲಿ ಕೂತಿದೆ ಯಜಮಾನ್ರೇ, ನೀರಿಗೆ ಬಾಗ್ಲು ತಟ್ಟೋ ಅಭ್ಯಾಸ ಇಲ್ಲ, ಸೀದಾ ಬರ್ತದೆ. ಬರುತ್ತಿತ್ತು, ಹೌದು. ಹೋದ ಮಳೆಗಾಲದಲ್ಲಿ ಹಜಾರದೊಳಗೆ ಹಿಮ್ಮಡಿ ಮುಳುಗುವಷ್ಟು, ಹೆಂಡತಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು, ಇವತ್ತಿಗೂ ಆ ಕೈಯಲ್ಲಿ ಒದ್ದೆ ಬಟ್ಟೆ ಹಿಂಡಲಾರಳು, ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದನ್ನು ಅವಳು ತಿರುಚುತ್ತಾಳೆ, ಹಲ್ಲು ಕಚ್ಚುವುದು ನನಗೆ ಕಾಣದಿರಲೆಂದು ಮುಖ ಆಚೆ ಮಾಡುತ್ತಾಳೆ. ಅಂಗಳದ ಆಚೆ ಬದಿಗೆ ಅಕ್ಕನ ಕೋಣೆ, ಒಂದೇ ಕೋಣೆ, ಒಂದು ಕಿಟಕಿ, ಮೇಲೆ ತಗಡು, ಅಲ್ಲಿಗೂ ಬರುತ್ತಿತ್ತು, ಅಕ್ಕ ಹೊಲಿಗೆ ಯಂತ್ರದ ಕಾಲುಗಳಡಿ ಇಟ್ಟಿಗೆ ಇಟ್ಟು ತಾನು ಮಂಚದ ಮೇಲೆ ಕಾಲು ಮಡಚಿ ಕೂತು, ನಾನೀಗ ದೋಣಿ ನಡೆಸೋಳು ಕಣೋ, ಆಚೆ ದಡಕ್ಕೆ ಹೋಗೋರಿದ್ರೆ ಕಳಿಸು ಎನ್ನುತ್ತಿದ್ದಳು, ನಾವು ನಗುತ್ತಿದ್ದೆವು, ಅವಳು ನಗಿಸುತ್ತಿದ್ದುದರಿಂದ ಅಲ್ಲಿ ನೀರಿನ ಆಳ ಎಷ್ಟೆಂದು ಯಾರೂ ನೋಡಲಿಲ್ಲ.

ಮೇಸ್ತ್ರಿ ಮೂರು ದಾರಿ ಹೇಳಿದ. ಇಂಗುಗುಂಡಿ ಒಂದು, ಅದನ್ನು ಅವನೇ ಬೇಡವೆಂದ, ಮೊಳದಷ್ಟು ಆಳ ಅಗೆದು ಒಂದು ಬಕೆಟ್ ನೀರು ಸುರಿದು ಹೋದ, ಸಂಜೆ ಬಂದು ನೋಡಿದರೆ ನೀರು ಹಾಗೆಯೇ ನಿಂತಿದೆ, ಮೇಲೆ ಒಂದು ಇರುವೆ ತೇಲುತ್ತಿದೆ, ಜೇಡಿಮಣ್ಣು ಯಜಮಾನ್ರೇ, ಇದಕ್ಕೆ ಬಾಯಾರಿಕೇನೇ ಇಲ್ಲ. ಎರಡನೆಯದು, ಮನೆಗೂ ಅಕ್ಕನ ಕೋಣೆಗೂ ನಡುವೆ ಅಂಗಳಕ್ಕೆ ಅಡ್ಡಲಾಗಿ ಒಂದು ಚರಂಡಿ, ಮೇಲೆ ಕಬ್ಬಿಣದ ಜಾಲರಿ, ನೇರ ಬೀದಿಗೆ, ಮನೆ ಉಳಿಯುತ್ತದೆ, ಕೋಣೆ ನೀರಿನ ಕಡೆಗೇ, ನಾಲ್ಕು ದಿನದ ಕೆಲಸ. ಮೂರನೆಯದು, ಕೋಣೆಯ ಹಿಂದಿನಿಂದಲೇ ಸುತ್ತಿಸಿಕೊಂಡು ಬರುವುದು, ತೂತಿನ ಪೈಪು, ಸುತ್ತ ಜಲ್ಲಿ, ಜಲ್ಲಿಗೆ ಬಟ್ಟೆ ಹೊದಿಕೆ, ಆಗ ಮನೆ, ಕೋಣೆ ಎರಡೂ ಒಳಗೆ, ಆದರೆ ನೀರಿನ ತೊಟ್ಟಿ ಒಡೆಯಬೇಕು, ಹದಿನೈದು ದಿನ ಹಿಡಿಯುತ್ತದೆ, ಅದೂ ಹಿಂದುಗಡೆ ವಾಟ ಸಿಕ್ಕಿದರೆ, ನೆಲ ಈ ಕಡೆಗೆ ಇಳಿದಿರಬೇಕಲ್ಲ, ಇಲ್ಲದಿದ್ದರೆ ಪೈಪಿನೊಳಗೆ ನೀರು ನಿಂತು ಕೊಳೆಯುತ್ತದೆ. ಹೆಂಡತಿ ಆ ಸಂಜೆ ಅಕ್ಕಿ ಆರಿಸುತ್ತಾ, ಎಡಗೈಯಲ್ಲಿ, ತಲೆ ಎತ್ತದೆ, ನಂಗೆ ನಿಮ್ಮಕ್ಕನ ಮೇಲೆ ಸಿಟ್ಟಿಲ್ಲ, ದೇವರಾಣೆ ಇಲ್ಲ, ಆದ್ರೆ ಹದಿನೈದು ದಿನದೊಳಗೆ ಮಳೆ ಬಂದ್ರೆ ಅಂಗಳ ತುಂಬ ಗುಂಡಿ, ಇನ್ನೊಂದು ಕೈ ಮುರಿಯೋದೂ ನಂದೇ. ನಾನು ಏನೂ ಹೇಳದವನೇ, ಐಸ್ ಫ್ಯಾಕ್ಟರಿಯಲ್ಲೂ ನನ್ನನ್ನು ಮೂಗ ಅಂತಲೇ ಕರೆಯುತ್ತಿದ್ದರು, ಮೂವತ್ತೊಂದು ವರ್ಷ, ಸಂಜೆ ಮನೆಗೆ ಬಂದರೆ ಪಾದಗಳು ನನ್ನವಲ್ಲ, ಅಕ್ಕ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಪಾದಕ್ಕೆ ಒತ್ತುತ್ತಿದ್ದಳು, ಈ ಕಾಲನ್ನ ಹಾಗೇ ಶರಬತ್ತಿಗೆ ಹಾಕ್ಬಹುದು ಕಣೋ, ತಣ್ಣಗಿರುತ್ತೆ. ನಾನು ಓದಿದ್ದು ಮೂರನೇ ಕ್ಲಾಸು, ಸಹಿ ಹಾಕಲು ಕಲಿಸಿದ್ದು ಅವಳು, ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ನೆಲದ ಮೇಲೆ, ಆ ಕೋಣೆಯ ನೆಲದ ಮೇಲೆಯೇ, ಆಗ ಇಡೀ ಮನೆಯೇ ಆ ಕೋಣೆ, ಅವಳ ಹೊಲಿಗೆಯ ದುಡ್ಡಿನಿಂದಲೇ ಎದ್ದದ್ದು ಅದೂ, ಆಮೇಲೆ ಅದರ ಮುಂದೆ ಈ ಮನೆ ಎದ್ದಿತು, ಕೋಣೆ ಹಿಂದಕ್ಕೆ ಹೋಯಿತು.

ಸೋಮವಾರ ಮಟ್ಟ ನೋಡಿದೆವು. ಗಾಜಿನ ಹಾಗೆ ಒಳಗೆಲ್ಲ ಕಾಣುವ ಉದ್ದನೆಯ ಟ್ಯೂಬು, ಅದರೊಳಗೆ ನೀರು, ಎರಡು ತುದಿಯಲ್ಲಿ ಇಬ್ಬರು ನಿಂತರೆ ನೀರು ತಾನಾಗಿ ಒಂದೇ ಮಟ್ಟಕ್ಕೆ ಬರುತ್ತದೆ, ಅದು ಸುಳ್ಳು ಹೇಳುವುದಿಲ್ಲ, ಒಳಗೆ ಗಾಳಿ ಸಿಕ್ಕಿಕೊಳ್ಳದಿದ್ದರೆ. ಮೇಸ್ತ್ರಿ ಒಂದು ತುದಿ ಹಿಡಿದು ಕೋಣೆಯ ಹಿಂದಕ್ಕೆ ಹೋದ, ನಮಗೆ ಕಾಣದ ಹಾಗೆ, ನಾನು ಮನೆಯ ಮೂಲೆಯಲ್ಲಿ ಇನ್ನೊಂದು ತುದಿ, ನಡುವೆ ತೊಟ್ಟಿ, ಟ್ಯೂಬು ಅದರ ಅಂಚಿನ ಮೇಲೆ ಹಾದು ಈಚೆಗೆ ಇಳಿಯಬೇಕು, ಅಲ್ಲಿ ಮಡಚಿಕೊಳ್ಳದಿರಲೆಂದು ಅಕ್ಕ ಬಂದು ಹಿಡಿದಳು, ಬಟ್ಟೆ ಹಿಡಿಯುವ ಹಾಗೆ, ಎರಡೇ ಬೆರಳಲ್ಲಿ. ಅವಳ ಹೆಬ್ಬೆರಳಿನ ಕೆಳಗೆ ಗುಳ್ಳೆ. ನಾಲ್ಕು ಬೆರಳುದ್ದ, ತೆಳ್ಳಗೆ, ಹೊಳೆಯುತ್ತಾ, ಅಲ್ಲಾಡದೆ. ಮೂವತ್ತೊಂದು ವರ್ಷ ಮಂಜುಗಡ್ಡೆಯ ಹೊಟ್ಟೆಯಲ್ಲಿ ಗುಳ್ಳೆ ಹುಡುಕಿದವನು ನಾನು, ಬಿಳಿ ತಿರುಳಿರುವ ಗಡ್ಡೆಗಳನ್ನು ಬೇರೆ ಇಡುವುದೇ ನನ್ನ ಕೆಲಸ, ನನಗೆ ಕಾಣಲಿಲ್ಲ ಎಂದರೆ ಯಾರು ನಂಬುತ್ತಾರೆ, ನಾನೇ ನಂಬುವುದಿಲ್ಲ. ಟ್ಯೂಬನ್ನು ಎತ್ತಿ ಬೆರಳಿನಿಂದ ಒಮ್ಮೆ ತಟ್ಟಿದರೆ ಸಾಕಿತ್ತು. ಕೋಣೆಯ ಹಿಂದಿನಿಂದ ಮೇಸ್ತ್ರಿ, ನಿಮ್ಮ ಕಡೆ ಎಷ್ಟು ಯಜಮಾನ್ರೇ, ಮೊಣಕಾಲಿಂದ ಒಂದು ಗೇಣು ಮೇಲೆ, ನಾನು ಹೇಳಿದೆ, ಇಲ್ಲೂ ಅಷ್ಟೇ, ಅವನೆಂದ, ಕೂದಲೆಳೆ ವ್ಯತ್ಯಾಸ ಇಲ್ಲ, ವಾಟ ಸಿಗಲ್ಲ ಬಿಡಿ. ಆ ಹೊತ್ತಿಗೆ ನಾನು ಯೋಚಿಸುತ್ತಿದ್ದದ್ದು, ಒಂದು ಮಳೆಗಾಲ ತಾನೇ, ಮುಂದಿನ ವರ್ಷ ನೋಡಿದರಾಯಿತು, ಅಕ್ಕ ಹೇಗೂ ಇಟ್ಟಿಗೆ ಇಟ್ಟುಕೊಳ್ಳುತ್ತಾಳೆ, ಅವಳಿಗೆ ಅಭ್ಯಾಸವಾಗಿದೆ — ಅಭ್ಯಾಸ, ಆ ಮಾತೇ ನೆನೆದೆ, ನೆನೆಯುತ್ತಲೇ ತಲೆ ಎತ್ತಿದರೆ ಅಕ್ಕ ತನ್ನ ಹೆಬ್ಬೆರಳಿನ ಕೆಳಗೆ ನೋಡುತ್ತಿದ್ದಾಳೆ, ಆಮೇಲೆ ನನ್ನನ್ನು, ಸೂಜಿಯ ಕಣ್ಣಿಗೆ ಇವತ್ತಿಗೂ ಕನ್ನಡಕವಿಲ್ಲದೆ ದಾರ ಪೋಣಿಸುವವಳು, ಅವಳಿಗೆ ಕಾಣದೆ ಇರುತ್ತದೆಯೇ, ಟ್ಯೂಬು ಎಂಥದೆಂದು ತಿಳಿಯದವಳೂ ಅಲ್ಲ, ಈ ಮನೆ ಕಟ್ಟುವಾಗ ನನ್ನ ಜೊತೆ ಹಿಡಿದವಳು ಅವಳೇ. ಅವಳು ತಟ್ಟಲಿಲ್ಲ. ಟ್ಯೂಬನ್ನು ಮೆಲ್ಲಗೆ ತೊಟ್ಟಿಯ ಅಂಚಿನ ಮೇಲೆ ಮಲಗಿಸಿ, ಹಾಗಾದ್ರೆ ನಡುವೇನೇ ಮಾಡಿಸು ತಮ್ಮಾ, ಪಾಪ ಅವಳ ಕೈ, ಎಂದಳು. ಮೇಸ್ತ್ರಿ ಡಬ್ಬಿಯಿಂದ ಸುಣ್ಣದ ಪುಡಿ ಉದುರಿಸುತ್ತಾ ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹಿಮ್ಮುಖವಾಗಿ ನಡೆದ, ಬುಧವಾರ ಗುದ್ದಲಿ ಹಾಕ್ತೀನಿ, ಅಲ್ಲಿವರೆಗೆ ತುಳೀಬೇಡಿ. ಗೆರೆಯ ಈಚೆ ನಾನು, ಹೆಂಡತಿ, ಹಜಾರ, ಅಡುಗೆಮನೆ. ಆಚೆ ಅಕ್ಕ ನಿಂತಿದ್ದಳು, ತೊಟ್ಟಿಯ ಪಕ್ಕ, ಒದ್ದೆ ಬೆರಳುಗಳನ್ನು ಒರೆಸಿಕೊಳ್ಳುತ್ತಾ.

ಮಾರನೇ ದಿನ ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ಒಂದು ಚೀಲ, ಅದರ ಮೇಲೆ ಕತ್ತರಿಯ ಪೆಟ್ಟಿಗೆ. ಹಳೆ ಹೊಲಿಗೆ ಅಂಗಡಿಯಲ್ಲಿ ಅವಳ ಜೊತೆ ಗುಂಡಿಗೆ ಕಾಜಾ ಹಾಕುತ್ತಿದ್ದವಳು ಒಂಟಿ ಇದ್ದಾಳಂತೆ, ಜೊತೆಗಿರಲು ಕರೆಯುತ್ತಲೇ ಇದ್ದಳಂತೆ, ಎರಡನೇ ಮಹಡಿ ಕಣೋ, ಅಲ್ಲಿಗೆ ಹತ್ತಬೇಕಂದ್ರೆ ನೀರಿಗೂ ಮೊಣಕಾಲು ನೋಯುತ್ತೆ. ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದು, ಅಕ್ಕಾ, ಇದೇನಿದು, ಮಳೆ ಮುಗಿದ ಮೇಲೆ ಬರ್ತೀರಿ ತಾನೇ, ಎಂದಳು, ಅವಳ ದನಿ ನಡುಗಿತು, ಸುಳ್ಳಲ್ಲ, ಅಕ್ಕ ಹತ್ತಿರ ಬಂದು ಆ ಮುರಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಎಣ್ಣೆ ಹಚ್ಚೋದು ಬಿಡಬೇಡ ಕಣೇ, ಅಷ್ಟೇ ಅಂದದ್ದು. ಯಂತ್ರ? ನಾನು ಕೇಳಿದೆ, ಆ ಒಂದೇ ಮಾತು ಬಾಯಿಗೆ ಬಂತು, ಯಂತ್ರ ಹೇಗೆ ಒಯ್ತೀಯ. ಇಟ್ಟಿಗೆ ಮೇಲಿದೆ, ಇರಲಿ ಬಿಡು. ಅದಕ್ಕೂ ಮೊದಲು, ಕೋಣೆಯಿಂದ ಈಚೆ ಅವಳು ಬಂದದ್ದು ಗೆರೆಯನ್ನು ದಾಟಿ. ಪುಡಿ, ಬರೀ ಪುಡಿ, ಇನ್ನೂ ಯಾರೂ ಅಗೆದಿರಲಿಲ್ಲ, ಕಾಲಿನಿಂದ ಒಮ್ಮೆ ಉಜ್ಜಿದ್ದರೆ ಅಂಗಳ ಮೊದಲಿನ ಹಾಗೆ ಒಂದೇ ಅಂಗಳ, ಇನ್ನೊಂದು ಸಲ ಮಟ್ಟ ನೋಡೋಣ ಎಂದಿದ್ದರೆ ಮೇಸ್ತ್ರಿ ಬೇಡ ಅನ್ನುತ್ತಿರಲಿಲ್ಲ, ಬುಧವಾರಕ್ಕೆ ಇನ್ನೂ ಒಂದು ಹಗಲು ಪೂರ್ತಿ ಇತ್ತು, ನಾನು ಚಪ್ಪಲಿಯ ತುದಿಯನ್ನು ಗೆರೆಯ ಹತ್ತಿರ ತಂದು ನಿಂತಿದ್ದೆ, ತುಳಿಯಬೇಡಿ ಎಂದಿದ್ದನಲ್ಲ, ತುಳಿಯಲಿಲ್ಲ. ಅಕ್ಕನೂ ತುಳಿಯಲಿಲ್ಲ. ಗೆರೆಯ ಹತ್ತಿರ ಬಂದಾಗ ಚೀಲವನ್ನು ಹೆಗಲಿಗೇರಿಸಿ ಉಟ್ಟ ಬಟ್ಟೆಯ ಅಂಚನ್ನು ಹಿಮ್ಮಡಿಯಿಂದ ಮೇಲೆತ್ತಿದಳು, ಒದ್ದೆಯಾಗುತ್ತದೆಂಬ ಹಾಗೆ, ಒಂದು ಕಾಲು ಆಚೆಯಿಂದ ಈಚೆ ಇಟ್ಟು, ಊರಿ, ನೆಲ ಸಿಕ್ಕಿತೆಂದು ಖಾತ್ರಿಯಾದ ಮೇಲೆ ಇನ್ನೊಂದು ಕಾಲು, ಒಣ ಅಂಗಳದಲ್ಲಿ, ಬೆಳಗಿನ ಬಿಸಿಲಲ್ಲಿ, ಬಟ್ಟೆಯ ಅಂಚನ್ನು ಎತ್ತಿ ಹಿಡಿದು, ಅಕ್ಕ, ಮಂಗಳವಾರ, ಅಂಚನ್ನು ಎತ್ತಿ ಹಿಡಿದು —