ಮುಂದಿನ ಸಾಲಿನವರ ಸಿನಿಮಾ

ಆ ಸೀನನ್ನು ಕತ್ತರಿಸುವಾಗ ಅವಳ ಕೈ ನಡುಗಿರಲಿಲ್ಲ. ನಡುಕ ಶುರುವಾದದ್ದು ಪ್ರದರ್ಶನದ ಸಂಜೆ, ಹಾಲ್‌ನ ದೀಪ ಆರಿಸಲು ಸ್ವಿಚ್ಚಿನ ಮೇಲೆ ಬೆರಳಿಟ್ಟಾಗ.

ಹಾಲ್ ಅಂದರೆ ದೊಡ್ಡದೇನಲ್ಲ. ಬಡಾವಣೆಯ ಲೈಬ್ರರಿಯ ಕೆಳಗಿನ ಕೋಣೆ. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಒಂದು ಬದಿಗೆ ಒತ್ತರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಎದುರಿನ ಬಿಳಿ ಗೋಡೆಯನ್ನೇ ಪರದೆ ಮಾಡಿಕೊಂಡಿದ್ದರು. ಹಗಲು ಅವಳು ಮೇಲೆ ಕೂತು ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದಳು. ತಿಂಗಳಿಗೊಂದು ಸಂಜೆ ಕೆಳಗಿಳಿದು ಸಿನಿಮಾ ತೋರಿಸುತ್ತಿದ್ದಳು. ಹಾಗಾಗಿ ಬಡಾವಣೆಗೆಲ್ಲ ಅವಳು ಆಪರೇಟರ್ ಅಕ್ಕ.

ಅಲ್ಲಿ ಮಹಡಿಗೊಂದು ಭಾಷೆ, ಬಾಗಿಲಿಗೊಂದು ರೀತಿ. ತಿಂಗಳಿಗೊಂದು ಭಾಷೆಯ ಸಿನಿಮಾ ಹಾಕುವುದು, ಆ ಭಾಷೆ ಮಾತಾಡುವ ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು ಈ ಸಿನಿಮಾ ಕೂಟದ ಪದ್ಧತಿ. ಮುಂದಿನ ಸಾಲಿನವರು ಆ ಸಂಜೆಯ ಮನೆಯವರು. ಹಿಂದೆ ಕೂತವರೆಲ್ಲ ನೆಂಟರು. ಪದ್ಧತಿ ಶುರುಮಾಡಿದವಳು ಅವಳೇ. ಹೋದ ತಿಂಗಳವರೆಗೂ ಅದನ್ನು ಹೇಳಿಕೊಂಡು ಒಳಗೊಳಗೇ ಬೀಗುತ್ತಿದ್ದಳು.

ಹೋದ ತಿಂಗಳು ಮುಂದಿನ ಸಾಲು ಮೂಲೆ ಗ್ಯಾರೇಜಿನ ಮೆಕ್ಯಾನಿಕ್‌ನ ಮನೆಯವರದು. ಅವರ ಭಾಷೆಯ ಸಿನಿಮಾದಲ್ಲಿ ಮದುವೆಗಂಡು ಹೆಣ್ಣಿನ ಮನೆಯ ಬಾಗಿಲಲ್ಲಿ ನಿಂತು ಗಳಗಳನೆ ಅಳುತ್ತಾನೆ. ಹಿಂದೆ ಯಾರೋ ಕಿಸಕ್ಕೆಂದರು. ಅದು ಸಾಲಿನಿಂದ ಸಾಲಿಗೆ ಹಬ್ಬಿತು. ಮೆಕ್ಯಾನಿಕ್ ಎದ್ದ, ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದ. ಮರುದಿನ ಲೈಬ್ರರಿಯನ್ ಅವಳನ್ನು ಕರೆಸಿ ಕನ್ನಡಕ ಒರೆಸುತ್ತ ಹೇಳಿದ್ದರು: "ನೋಡಮ್ಮ, ಪುಸ್ತಕಗಳು ಒಂದರ ಪಕ್ಕ ಒಂದು ನಿಂತ್ರೂ ಜಗಳ ಆಡಲ್ಲ. ಜನ ಹಾಗಲ್ಲ. ಇನ್ನೊಂದು ಸಲ ಹೀಗಾದ್ರೆ ಹಾಲಿಗೆ ಬೀಗ."

ಈ ತಿಂಗಳ ಸಿನಿಮಾವನ್ನು ಅವಳು ಮನೆಯಲ್ಲಿ ಮೊದಲೇ ನೋಡಿದ್ದಳು. ಅರ್ಧ ದಾಟಿದ ಮೇಲೆ ಒಂದು ಸಾವಿನ ಮನೆ ಬಂತು. ಹೆಣ ಇನ್ನೂ ಒಳಗೇ ಇದೆ. ಅಂಗಳದಲ್ಲಿ ಹೆಂಗಸರು ಸುತ್ತ ಕೂತು, ಒಬ್ಬೊಬ್ಬರಾಗಿ ಎದ್ದು ಸತ್ತವನನ್ನು ಅಣಕಿಸುತ್ತಾರೆ. ಅವನ ಗೊರಕೆ, ಕಾಲೆಳೆದು ನಡೆಯುತ್ತಿದ್ದ ನಡಿಗೆ, ಹೆಂಡತಿಗೆ ಹೆದರಿ ಕದ್ದು ಬೀಡಿ ಸೇದುತ್ತಿದ್ದ ರೀತಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅದು ಆ ಕಡೆಯವರು ಸತ್ತವರನ್ನು ಕಳಿಸಿಕೊಡುವ ಬಗೆ.

ಅವಳು ಸಿನಿಮಾ ನಿಲ್ಲಿಸಿದಳು. ಬಸ್ ಓಡಿಸಿ ದಣಿದು ಬಂದು ತಟ್ಟೆ ಮುಂದೆ ಕೂತಿದ್ದ ಗಂಡ ಮಾತ್ರ ನಕ್ಕ. "ಚೆನ್ನಾಗಿದೆಯಲ್ಲೇ! ನಾನು ಸತ್ತಾಗ ನೀನೇನು ಅಣಕಿಸ್ತೀಯ?"

"ಬಾಯ್ತುಂಬ ಅನ್ನ ಇಟ್ಕೊಂಡು ಮಾತಾಡೋದನ್ನ."

"ಅಷ್ಟಕ್ಕೇ ಮುಗಿಸ್ಬೇಡ ಮಾರಾಯ್ತಿ, ನನ್ನತ್ರ ಇನ್ನೂ ಬೇಕಾದಷ್ಟಿದೆ."

ಅವಳಿಗೆ ನಗು ಬರಲಿಲ್ಲ. ಗೋಡೆಯ ಮೇಲೆ ಹೆಣದ ಮುಂದೆ ನಗು, ಹಿಂದಿನ ಸಾಲುಗಳಲ್ಲಿ ಗುಸುಗುಸು, ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತವರು. ಇದೇ ಕಣ್ಣಿಗೆ ಕಟ್ಟಿತು. ಅಡುಗೆಮನೆ ಒರೆಸಿ ಬಂದು ಕಂಪ್ಯೂಟರಿನ ಮುಂದೆ ಕೂತಳು. ಹರಿದ ಹಾಳೆ ಕಿತ್ತು ತುದಿ ಅಂಟಿಸುವಷ್ಟೇ ನಾಜೂಕಾಗಿ ಆ ಸೀನನ್ನು ತೆಗೆದಳು. ಹೊಲಿಗೆ ಎಲ್ಲೂ ಕಾಣಲಿಲ್ಲ. ಲೈಬ್ರರಿಯಿಂದ ತಂದಿದ್ದ ಸಿನಿಮಾದ ಡಿಸ್ಕನ್ನು ಮರುದಿನ ಲೈಬ್ರರಿಯನ್‌ಗೆ ವಾಪಸು ಕೊಟ್ಟಳು. ಅವರು ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವಳ ಕಂಪ್ಯೂಟರಿನಲ್ಲಿ ಉಳಿದದ್ದು ಕತ್ತರಿಸಿದ ಸಿನಿಮಾ ಮಾತ್ರ. ಯಾರಿಗೂ ಹೇಳಲಿಲ್ಲ.

ಪ್ರದರ್ಶನದ ಸಂಜೆ ಮುಂದಿನ ಸಾಲಿನಲ್ಲಿ ಇಬ್ಬರೇ ಇದ್ದರು. ಅವಳ ಮನೆಯ ಎದುರು ಕಟ್ಟಡದ ಮೂರನೇ ಮಹಡಿಯ ಅಜ್ಜಿ, ಮತ್ತು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಯ ಸೊಸೆ. ಇಸ್ತ್ರಿ ಹಾಕಿದ ಬಟ್ಟೆ ತೊಟ್ಟ ಅಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಸೊಸೆ ಎದ್ದು ಪ್ರೊಜೆಕ್ಟರ್ ಹತ್ತಿರ ಬಂದಳು.

"ಅಕ್ಕ, ಒಂದ್ವೇಳೆ ಅತ್ತೆ ಮಧ್ಯದಲ್ಲಿ ಕೂಗಿದ್ರೆ ಬೇಜಾರು ಮಾಡ್ಕೋಬೇಡಿ. ಈ ಸಿನಿಮಾ ತೆಗೆದಿದ್ದು ಅವರೂರಲ್ಲಿ. ಸಾವಿನ ಮನೆ ಸೀನಲ್ಲಿ ಊರ ಹೆಂಗಸರನ್ನೇ ಕೂರಿಸಿದ್ರಂತೆ. ಅವರಮ್ಮನೂ ಇದಾರಂತೆ ಅದ್ರಲ್ಲಿ."

"ಅಮ್ಮ?"

"ಹೂಂ. ಒಂದು ಫೋಟೋನೂ ಉಳಿದಿಲ್ಲ ಅಕ್ಕ, ಊರು ಬಿಡೋವಾಗ ಎಲ್ಲಾ ಹೋಯ್ತು. ಬೆಳಿಗ್ಗೆಯಿಂದ ಊಟ ಸೇರಿಲ್ಲ ಇವರಿಗೆ. ಕೆಲವು ಕಾಪಿಯಲ್ಲಿ ಆ ಸೀನು ಇರಲ್ಲ ಅಂತಾನೂ ಹೇಳ್ತಾರೆ. ನೋಡೋಣ, ಅದೃಷ್ಟ."

ಸೊಸೆ ಹೋಗಿ ಕೂತಳು. ಆಪರೇಟರ್ ಅಕ್ಕನ ಬೆರಳು ಸ್ವಿಚ್ಚಿನ ಮೇಲೆ ನಡುಗಿದ್ದು ಆಗಲೇ. ದೀಪ ಆರಿತು. ಸಿನಿಮಾ ಶುರುವಾಯಿತು.

ಗೋಡೆಯ ಮೇಲೆ ಹೊಲ, ನದಿ, ಒಂದು ಹುಡುಗಿ, ಒಂದು ಸೈಕಲ್ಲು. ಅವಳು ಏನನ್ನೂ ನೋಡುತ್ತಿರಲಿಲ್ಲ. ಅಜ್ಜಿಯ ತಲೆಯನ್ನೇ ನೋಡುತ್ತಿದ್ದಳು. ಪ್ರತಿ ಹೊಸ ಮುಖಕ್ಕೂ ಆ ತಲೆ ತುಸು ಮುಂದೆ ಬಾಗುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ಕಾಪಿಯಲ್ಲಿ ಇರುವುದಿಲ್ಲ ಎಂದು ಅವರೇ ಹೇಳಿದ್ದಾರೆ. ಅದೃಷ್ಟ ಎಂದುಕೊಂಡು ಮನೆಗೆ ಹೋಗುತ್ತಾರೆ. ಆದರೆ ಆ ಅದೃಷ್ಟವನ್ನು ಕೈಯಾರೆ ಕತ್ತರಿಸಿದವಳು ನಾಳೆಯಿಂದ ಅದೇ ಬೀದಿಯಲ್ಲಿ ಅಜ್ಜಿಗೆ ನಮಸ್ಕಾರ ಹೇಳುವುದು ಹೇಗೆ? ಹಾಗಂತ ನಿಜ ಹೇಳಿದರೆ ಹಾಲ್‌ಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ಇಷ್ಟು ಜನ ಒಂದೇ ಕಡೆ ಕೂರುವುದೇ ನಿಲ್ಲುತ್ತದೆ.

ಬಾಗಿಲು ಕಿರುಗುಟ್ಟಿತು. ಯಾರೋ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತರು. ಗ್ರೀಸಿನ ವಾಸನೆ. ಮೆಕ್ಯಾನಿಕ್! ಇವನೊಬ್ಬ ಬಾಕಿಯಿದ್ದ ಎಂದುಕೊಂಡಳು. ಗೋಡೆಯ ಮೇಲೆ ಸೈಕಲ್ಲಿನ ಹುಡುಗಿಯ ಮಾವ ಕೆಮ್ಮಲು ಶುರುಮಾಡಿದ್ದ. ಅವನು ಇನ್ನೇನು ಸಾಯುತ್ತಾನೆ.

ಅವಳು ಮೆಟ್ಟಿಲು ಹತ್ತಿ ಓಡಿದಳು.

ಲೈಬ್ರರಿಯನ್ ಕಿಟಕಿ ಮುಚ್ಚುತ್ತಿದ್ದರು. "ಏನಮ್ಮ, ಗಲಾಟೆನಾ?"

"ಇನ್ನೂ ಇಲ್ಲ ಸರ್. ಬೀರು ಕೀ ಬೇಕಿತ್ತು."

"ಇನ್ನೂ ಇಲ್ಲ ಅಂದ್ರೆ?"

ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು: ಕತ್ತರಿಸಿದ್ದು, ಯಾಕೆ ಕತ್ತರಿಸಿದ್ದು, ಅಜ್ಜಿ, ಅಜ್ಜಿಯ ಅಮ್ಮ. ಅವರು ಕೀ ಗೊಂಚಲನ್ನು ಕೈಯಲ್ಲಿ ತೂಗುತ್ತ ನಿಂತರು.

"ಲೈಬ್ರರಿ ಪುಸ್ತಕದ ಹಾಳೆ ಹರಿದವರಿಗೆ ನಾವೇನು ಮಾಡ್ತೀವಿ?"

"ಕಾರ್ಡ್ ರದ್ದು ಮಾಡ್ತೀವಿ ಸರ್."

"ಗೊತ್ತಲ್ಲ." ಬೀರು ತೆಗೆದು ಡಿಸ್ಕ್ ಅವಳ ಕೈಗಿಟ್ಟರು. "ನಡಿ. ನಾನೂ ಬಂದು ಕೂತ್ಕೋತೀನಿ."

ಅದೊಂದು ಬೇಡವಾಗಿತ್ತು. ಅವಳು ಕೆಳಗಿಳಿಯುವಷ್ಟರಲ್ಲಿ ಗೋಡೆಯ ಮೇಲೆ ಸಾವು ಕಳೆದು, ಸಾವಿನ ಮನೆ ಬಾರದೆಯೇ ಹುಡುಗಿ ಮತ್ತೆ ಸೈಕಲ್ಲು ಹತ್ತಿದ್ದಳು. ಹೊಲಿಗೆ ಕಾಣದ ಹಾಗೆ. ಅಜ್ಜಿ ಸೊಸೆಯ ತೋಳು ಹಿಡಿದು ಏನೋ ಕೇಳುತ್ತಿದ್ದರು. ಸೊಸೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಅವಳು ಸಿನಿಮಾ ನಿಲ್ಲಿಸಿ ದೀಪ ಹಾಕಿದಳು. ಎಲ್ಲರೂ ಕಣ್ಣು ಕಿರಿದು ಮಾಡಿ ಹಿಂದಕ್ಕೆ ತಿರುಗಿದರು.

"ಏನಕ್ಕ, ಸಿನಿಮಾ ನಿಲ್ಲೋದು ಕರೆಂಟ್ ಹೋದಾಗ ಅಲ್ವಾ?" ಎಂದು ಯಾರೋ ಚುಡಾಯಿಸಿದರು.

"ಒಂದು ಸೀನು ಬಿಟ್ಟುಹೋಗಿದೆ," ಎಂದಳು. ಆಮೇಲೆ ಅದೂ ಸುಳ್ಳೆನಿಸಿತು. "ಬಿಟ್ಟುಹೋಗಿಲ್ಲ, ನಾನೇ ತೆಗೆದಿದ್ದೆ. ಸಾವಿನ ಮನೆಯಲ್ಲಿ ಎಲ್ಲರೂ ನಗ್ತಾರೆ. ಹಿಂದಿನವರು ನಗಾಡಿ, ಮುಂದಿನವರಿಗೆ ನೋವಾದ್ರೆ ಅಂತ…"

ಸೊಸೆ ಎದ್ದು ನಿಂತಳು. ದನಿ ಏರಿಸಲಿಲ್ಲ, ಏರಿಸಿದ್ದರೇ ವಾಸಿಯಿತ್ತು. "ಎದುರುಗಡೆ ಕಟ್ಟಡ ಅಲ್ವಾ ಅಕ್ಕ ನಮ್ಮದು? ಬಂದು ಒಂದು ಮಾತು ಕೇಳಬಹುದಿತ್ತು."

ಆಪರೇಟರ್ ಅಕ್ಕ ಡಿಸ್ಕ್ ಹಾಕಿದಳು. ಸಾಯುವವನ ಕೆಮ್ಮಿನಿಂದ ಮತ್ತೆ ಶುರುಮಾಡಿ ದೀಪ ಆರಿಸಿದಳು.

ಅಂಗಳ ಬಂತು. ಹೆಂಗಸರು ಬಂದರು. ಮೊದಲನೆಯವಳು ಎದ್ದು ಗೊರಕೆ ಹೊಡೆದಳು. ಗೋಡೆಯೆಲ್ಲ ನಗು. ಹಾಲಿನಲ್ಲಿ ಮಾತ್ರ ಉಸಿರಿಲ್ಲ. ಹೋದ ತಿಂಗಳ ಭಯ, ಈಗಷ್ಟೇ ಕೇಳಿದ ಮಾತು. ಒಬ್ಬೊಬ್ಬರೂ ಮುಖ ಬಿಗಿದುಕೊಂಡು ಕಲ್ಲಿನ ಹಾಗೆ ಕೂತಿದ್ದರು. ಬೀಡಿ ಕದ್ದು ಸೇದುವ ಅಣಕವೂ ಬಂತು. ಯಾರೂ ಮಿಸುಕಲಿಲ್ಲ.

ಅಜ್ಜಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. ಸಾಲು ಸಾಲು ಮುಖಗಳನ್ನು ನೋಡಿ ಗಾಬರಿಯಿಂದ ತಮ್ಮ ಭಾಷೆಯಲ್ಲಿ ಏನೋ ಅಂದರು. ಸೊಸೆ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಯಾರೂ ಯಾಕೆ ನಗ್ತಿಲ್ಲ, ಅಷ್ಟು ಕೆಟ್ಟದಾಗಿ ಮಾಡಿದಾರಾ ನಮ್ಮೂರವರು, ಅಂತ ಕೇಳ್ತಿದಾರೆ."

ಕೊನೆಯ ಸಾಲಿನಿಂದ ಒಂದು ನಗು ಸಿಡಿಯಿತು. ಮೆಕ್ಯಾನಿಕ್‌ನದು. ತಡೆದು ತಡೆದು ಕೊನೆಗೂ ಬಿಟ್ಟ ನಗು. ಅದರ ಹಿಂದೆಯೇ ಇಡೀ ಹಾಲ್ ನಕ್ಕಿತು.

"ಹೋದ ಸಲ ನೀವು…" ಅವಳು ಹಿಂದೆ ಬಾಗಿ ಮೆಲ್ಲಗೆ ಶುರುಮಾಡಿದಳು.

"ನಕ್ಕಿದ್ದಕ್ಕಲ್ಲ ಅಕ್ಕ ಸಿಟ್ಟು ಬಂದಿದ್ದು," ಎಂದ ಅವನು ಕಣ್ಣೊರೆಸಿಕೊಳ್ಳುತ್ತ. "ನಗೋ ಜಾಗ ಇನ್ನೂ ಮುಂದಿತ್ತು. ಇವರು ಅಳೋ ಜಾಗದಲ್ಲೇ ನಕ್ಕು ಮುಗಿಸಿಬಿಟ್ರು."

ಅಷ್ಟರಲ್ಲಿ ಅಜ್ಜಿ ಎದ್ದು ನಿಂತಿದ್ದರು. ಗೋಡೆಯತ್ತ ಬೆರಳು ತೋರಿಸಿ ಕೂಗಿದರು. ಬಲಗಡೆ ಮೂಲೆಯಲ್ಲಿ ಒಬ್ಬಳು ನಗು ತಡೆಯಲಾರದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಪಕ್ಕದವಳ ಹೆಗಲ ಮೇಲೆ ಒರಗಿದ್ದಳು. ಅವಳು ಕೈ ತೆಗೆಯುವ ಮೊದಲೇ ಸೀನು ಮುಗಿಯಿತು.

ಕೋಣೆಯ ನಗುವೂ ನಿಂತಿತು. ಮುಖವೇ ಕಾಣಲಿಲ್ಲವಲ್ಲ!

ಅಜ್ಜಿ ಸೊಸೆಯ ಕಿವಿಯಲ್ಲಿ ಹೇಳಿದರು. ಸೊಸೆ ತಿರುಗಿದಳು. "ಇನ್ನೊಂದ್ಸಲ ಹಾಕ್ತೀರಾ ಅಂತ ಕೇಳ್ತಿದಾರೆ. ಅವರಮ್ಮ ಯಾವಾಗ್ಲೂ ಹಾಗೇ ಮುಖ ಮುಚ್ಕೊಂಡೇ ನಗ್ತಿದ್ರಂತೆ."

ಅವಳು ಲೈಬ್ರರಿಯನ್ ಕಡೆ ನೋಡಿದಳು. ಅವರು ಬಾಗಿಲ ಬಳಿ, ಹಾಲಿನ ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಕ್ಕಿದ್ದರೋ ಇಲ್ಲವೋ ಕತ್ತಲಲ್ಲಿ ತಿಳಿಯಲಿಲ್ಲ.

"ನಿನ್ನ ಕಾರ್ಡಿನ ವಿಷಯ ನಾಳೆ," ಎಂದರು. "ಈಗ ಅಜ್ಜಿ ಕೇಳಿದ್ದು ಹಾಕು."

ಅವಳು ಸೀನನ್ನು ಹಿಂದಕ್ಕೆ ಓಡಿಸಿದಳು. ಕೈ ಇನ್ನೂ ನಡುಗುತ್ತಿತ್ತು. ಎಲ್ಲಿ ನಿಲ್ಲಿಸಬೇಕೋ ಅದಕ್ಕಿಂತ ಬಹಳ ಹಿಂದೆ, ಮಾವ ಇನ್ನೂ ಕೆಮ್ಮಲು ಶುರುಮಾಡುವ ಮೊದಲೇ ನಿಂತಿತು. ಪರವಾಗಿಲ್ಲ, ಅಲ್ಲಿಂದಲೇ ಬರಲಿ ಎಂದು ಅಜ್ಜಿ ಕೈಯಾಡಿಸಿದರು.