ಗಂಡ ಬೇಯಿಸಿಟ್ಟ ಬೇರು

ಎಣ್ಣೆ ಕಾಯಿಸುವ ಕೋಣೆಯ ಗೂಡಿನಲ್ಲಿ ಒಂದೇ ಒಂದು ಭರಣಿ ಉಳಿದಿತ್ತು. ವೈದ್ಯ ಹಾಸಿಗೆ ಹಿಡಿದ ದಿನ ಒಲೆಯ ಮೇಲೆ ಹಾಲಿನಲ್ಲಿ ಬೇಯುತ್ತಿದ್ದ ವತ್ಸನಾಭಿ ಬೇರು ಅದರಲ್ಲಿತ್ತು. ಅವನು ಮತ್ತೆ ಏಳಲಿಲ್ಲ. ಹೆಂಡತಿಯೇ ಬೇರನ್ನು ಇಳಿಸಿ, ಒಣಗಿಸಿ, ತುಂಬಿಟ್ಟಿದ್ದಳು. ಅವನ ಕೈಕೆಲಸ ಅಂತ ಇನ್ನೇನೂ ಇರಲಿಲ್ಲ. ದಿನಾ ಭರಣಿ ಒರೆಸುತ್ತಿದ್ದಳೇ ಹೊರತು ಮುಚ್ಚಳ ತೆಗೆದವಳಲ್ಲ.

ನಾದಿನಿ ಮಂಡಿ ಹಿಡಿದುಕೊಂಡು ಬಂದಳು. "ಅತ್ತಿಗೆ, ಮೆಟ್ಟಿಲು ಹತ್ತೋಕಾಗ್ತಿಲ್ಲ. ಆ ಬೇರು ಹಾಕಿ ಒಂದು ಬಾಟ್ಲಿ ಎಣ್ಣೆ ಕಾಯ್ಸಿಕೊಡಿ. ಅಣ್ಣ ಮಾಡಿಟ್ಟದ್ದಲ್ವಾ, ಇನ್ನೇನು ಭಯ?"

ಭಯವಿಲ್ಲದೆ ಏನು! ಹಸಿ ಬೇರೆಂದರೆ ವಿಷ. ಬೆಂದರೂ ಕೀಲಿಗೆ ಹಚ್ಚುವುದಕ್ಕಷ್ಟೇ. ಅರೆಬೆಂದದ್ದು ತರಚಿದ ಚರ್ಮದಿಂದ ಇಳಿದರೂ ಎದೆಬಡಿತ ನಿಲ್ಲಿಸೀತು. ಅದಕ್ಕೇ ಗಂಡ ಒಂದು ಚೂರನ್ನು ನಾಲಗೆಯ ತುದಿಗೆ ಸೋಕಿಸಿ ಉಗುಳುತ್ತಿದ್ದ. ಜುಮ್ಮೆಂದರೆ ಬೇರು ಮತ್ತೆ ಒಲೆಗೆ. "ಈ ಹುಚ್ಚಾಟ ನನಗೇ ಸಾಕು, ನೀನು ಮಾತ್ರ ಮಾಡ್ಬೇಡ" ಅನ್ನುತ್ತಿದ್ದ. ಆಮೇಲೆ ಊಟಕ್ಕೆ ಕೂತು, ಮರಗಟ್ಟಿದ ನಾಲಗೆಯಲ್ಲಿ ಅವನದೊಂದು ತಗಾದೆ: "ಉಪ್ಪೇ ಇಲ್ವಲ್ಲೇ!"

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. "ನಾಲಗೆ ಬೇರಿಗೆ ಕೊಟ್ಟು ನನ್ನ ಕೈಮೇಲೆ ದೂರು! ಬರೀ ಸುಳ್ಳು!" ಅದೆಷ್ಟು ಜಗಳ, ದೇವರೇ! ಈಗ ಆ ಜಗಳಕ್ಕಾಗಿ ಜೀವ ಹಾತೊರೆಯುತ್ತಿತ್ತು.

ನಾದಿನಿಯ ಮಂಡಿಯ ಮೇಲೆ ಕೆರೆದುಕೊಂಡ ಗಾಯವಿತ್ತು. ಅದನ್ನು ನೋಡಿದ ಮೇಲೆ ಬೇರನ್ನು ಪರೀಕ್ಷಿಸದೆ ಎಣ್ಣೆಗೆ ಹಾಕಲು ಹೆಂಡತಿಗೆ ಮನಸ್ಸು ಬರಲಿಲ್ಲ. ಭರಣಿ ಇಳಿಸಿದಳು. ಬೇಡ ಅಂದದ್ದನ್ನೇ ಮಾಡಿ, ಒಂದು ಚೂರನ್ನು ನಾಲಗೆಗೆ ಸೋಕಿಸಿ ಉಗುಳಿದಳು. ಜುಮ್ಮೆನ್ನದಿರಲಿ, ಇದೊಂದಾದರೂ ನನಗೆ ಉಳಿಯಲಿ ಎಂದು ಬೇಡಿಕೊಂಡಳು.

ಜುಮ್ಮೆಂದಿತು. ಬಾಯಿ ತೊಳೆದಷ್ಟೂ ಜುಮ್ಮೆಂದಿತು.

"ಇನ್ನೊಂದ್ಸಲ ಬೇಯ್ಸಿದ್ರಾಯ್ತು!" ಎಂದಳು ನಾದಿನಿ.

"ಎಷ್ಟು ಬೇಯ್ಸಬೇಕೋ ನಂಗೆಲ್ಲಿ ಗೊತ್ತು? ಹೇಳೋನು ಹೋದ. ಅವನ ನೆನಪು ಅಂತ ನಿನ್ನ ಜೀವ ತೆಗೀಲಾ? ನಾಳೆ ಡಾಕ್ಟ್ರ ಹತ್ರ ಹೋಗೋಣ."

ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಬೇರನ್ನು ಭರಣಿ ಸಮೇತ ಹೂತಳು. ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಇಬ್ಬರೂ ಊಟಕ್ಕೆ ಕೂತರು.

ಮೊದಲ ತುತ್ತಿಗೇ ಅವಳ ಬಾಯಿಂದ ಬಂತು: "ಉಪ್ಪೇ ಇಲ್ವಲ್ಲೇ!"

"ಸರಿಯಾಗೇ ಇದೆಯಲ್ಲ, ಅತ್ತಿಗೆ?"

ತುತ್ತು ಕೈಯಲ್ಲೇ ನಿಂತಿತು. ಪಾಪ, ಅವನು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಅವಳ ಕಣ್ಣು ತುಂಬಿ ಹರಿಯಿತು.

"ಅಯ್ಯೋ, ಅಳ್ಬೇಡಿ. ಸ್ವಲ್ಪ ಹೊತ್ತಿಗೆ ನಾಲಗೆ ಸರಿಹೋಗತ್ತೆ."

"ಬೇಡ ಕಣೇ," ಎಂದಳು ಅವಳು. "ಇಷ್ಟು ಬೇಗ ಸರಿಹೋಗೋದು ಬೇಡ."